ಸ್ವರ್ಗಸ್ವೀಕೃತ ಮಾತೆಯ ಬಿಳಿ ನಗರ

ಆಗಸ್ಟ್ 15 ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಎರಡು ಹಬ್ಬಗಳ ಸಡಗರ. ಶಾಲೆಯ ಅಂಗಳದಲ್ಲಿ ತ್ರಿವರ್ಣ ಧ್ವಜ ಹಾರುತ್ತದೆ; ದೇವಾಲಯದಲ್ಲಿ ಸ್ವರ್ಗಸ್ವೀಕೃತ ಮಾತೆಯ ಮಹೋತ್ಸವದ ಬಲಿಪೂಜೆ ನಡೆಯುತ್ತದೆ. ಭೂಗೋಳದ ಆಚೆ ಬದಿಯಲ್ಲಿ, ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಇದೇ ದಿನ ಒಂದು ಇಡೀ ನಗರ ತನ್ನ ಹುಟ್ಟುಹಬ್ಬವನ್ನು ಆಚರಿಸುತ್ತದೆ. ಆ ನಗರದ ಹೆಸರು ಅರೆಕಿಪಾ. 1540ರ ಆಗಸ್ಟ್ 15ರಂದು ಗಾರ್ಸಿ ಮಾನ್ವೆಲ್ ದೆ ಕಾರ್ಬಖಾಲ್ ಎಂಬ ಸ್ಪೇನಿನ ಅಧಿಕಾರಿ ಅಲ್ಲಿ ಊರು ಕಟ್ಟಲು ಅಡಿಪಾಯ ಹಾಕಿದಾಗ ಅದಕ್ಕೆ ಇಟ್ಟ ಹೆಸರು ‘ಸ್ವರ್ಗಸ್ವೀಕೃತ ಮಾತೆಯ ಸುಂದರ ಪಟ್ಟಣ’ ಎಂಬ ಅರ್ಥದ ಸ್ಪಾನಿಷ್ ಹೆಸರು.

ಮಾತೆ ಮರಿಯಮ್ಮನವರು ಆತ್ಮ ಶರೀರಗಳೆರಡರ ಸಮೇತ ಸ್ವರ್ಗಕ್ಕೆ ಸ್ವೀಕೃತರಾದರು ಎಂಬುದನ್ನು ಜಗದ್ಗುರು ಹನ್ನೆರಡನೇ ಪಯಸ್‌ರವರು ವಿಶ್ವಾಸಸತ್ಯವಾಗಿ ಘೋಷಿಸಿದ್ದು 1950ರ ನವೆಂಬರ್ 1ರಂದು. ಆದರೆ ಅದಕ್ಕೆ 410 ವರ್ಷಗಳ ಮುಂಚೆಯೇ ಒಂದು ಊರು ಈ ಹಬ್ಬದ ಹೆಸರನ್ನು ಹೊತ್ತು ಹುಟ್ಟಿತ್ತು. ಈ ಹಬ್ಬ ನಮಗೆ ಕಲಿಸುವ ಪಾಠ ಸರಳವಾದುದು. ದೇವರಿಗೆ ನಮ್ಮ ಆತ್ಮ ಮಾತ್ರವಲ್ಲ, ಶರೀರವೂ ಅಮೂಲ್ಯ. ನೀರು ಹೊತ್ತ, ಹಿಟ್ಟು ಬೀಸಿದ, ಮಗುವನ್ನು ಹೆತ್ತು ಸಾಕಿದ, ಶಿಲುಬೆಯ ಬುಡದಲ್ಲಿ ನಿಂತು ನೊಂದ ಒಬ್ಬ ಬಡ ಹಳ್ಳಿಯ ಹೆಣ್ಣುಮಗಳ ಶರೀರಕ್ಕೆ ದೇವರು ಮಹಿಮೆಯನ್ನಿತ್ತರು. ಹಾಗಾದರೆ ಈ ಹೆಸರನ್ನು ಹೊತ್ತ ನಗರದಲ್ಲಿ ಬಡವರ ಶರೀರಕ್ಕೆ ಎಂಥ ಬೆಲೆ ಸಿಕ್ಕಿತು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಅರೆಕಿಪಾ ನಗರವನ್ನೂ ಅದರ ಉತ್ತರಕ್ಕಿರುವ ಕೋಲ್ಕಾ ಕಮರಿಯನ್ನೂ ಒಮ್ಮೆ ಸುತ್ತಿ ಬರೋಣ.

ಬೆಂಕಿಯಿಂದ ಬಂದ ಕಲ್ಲು

ಅರೆಕಿಪಾ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಊರಿನ ನೆತ್ತಿಯ ಮೇಲೆ 5,822 ಮೀಟರ್ ಎತ್ತರದ ಮಿಸ್ತಿ ಜ್ವಾಲಾಮುಖಿ ಗೋಪುರದಂತೆ ನಿಂತಿದೆ. ಅದರ ಪಕ್ಕದಲ್ಲಿ ಚಾಚಾನಿ, ಪಿಚು ಪಿಚು ಎಂಬ ಇನ್ನೆರಡು ಬೆಟ್ಟಗಳಿವೆ. ಲಕ್ಷಾಂತರ ವರ್ಷಗಳ ಹಿಂದೆ ಈ ಸೀಮೆಯ ಜ್ವಾಲಾಮುಖಿಗಳು ಉಗುಳಿದ ಬಿಸಿ ಬೂದಿ ಪದರ ಪದರವಾಗಿ ಬಿದ್ದು ಗಟ್ಟಿಯಾಗಿ ಬೆಳ್ಳನೆಯ ಕಲ್ಲಾಯಿತು. ಅದನ್ನು ಅಲ್ಲಿನವರು ‘ಸಿಯಾರ್’ ಎನ್ನುತ್ತಾರೆ. ಹಗುರವಾದ, ಉಳಿಗೆ ಸುಲಭವಾಗಿ ಬಗ್ಗುವ ಕಲ್ಲು ಅದು. ಪ್ರಧಾನಾಲಯ, ಮಠಗಳು, ಹಳೆಯ ಮನೆಗಳು ಎಲ್ಲವೂ ಆ ಕಲ್ಲಿನವೇ. ಅದಕ್ಕೇ ಅರೆಕಿಪಾಕ್ಕೆ ‘ಬಿಳಿ ನಗರ’ ಎಂಬ ಹೆಸರು. ನಗರದ ಹೊರವಲಯದ ಅನ್ಯಾಶ್ವಾಯ್ಕೊ ಎಂಬಲ್ಲಿ ಈಗಲೂ ಕಲ್ಲುಕುಟಿಗರು ಸುತ್ತಿಗೆ, ಉಳಿ ಹಿಡಿದು ಈ ಕಲ್ಲನ್ನು ಕಡಿಯುತ್ತಾರೆ.

ಆದರೆ ಕಲ್ಲನ್ನು ಕೊಟ್ಟ ನೆಲವೇ ಕಟ್ಟಿದ್ದನ್ನು ಕೆಡವುತ್ತಲೂ ಬಂದಿದೆ. 1582ರ ಭೂಕಂಪ ಊರನ್ನು ನೆಲಸಮ ಮಾಡಿತು. 1600ನೇ ಇಸವಿಯಲ್ಲಿ ವಿಭೂತಿ ಬುಧವಾರ ಬಂದದ್ದು ಫೆಬ್ರವರಿ 16ಕ್ಕೆ. ಹಣೆಗೆ ಬೂದಿ ಹಚ್ಚಿಸಿಕೊಂಡು ಮೂರು ದಿನ ಕಳೆದಿತ್ತಷ್ಟೆ. ಫೆಬ್ರವರಿ 19ರಂದು ಪೂರ್ವ ದಿಕ್ಕಿನ ವಾಯ್ನಪುತಿನಾ ಜ್ವಾಲಾಮುಖಿ ಸಿಡಿಯಿತು. ದಕ್ಷಿಣ ಅಮೆರಿಕದ ಲಿಖಿತ ಚರಿತ್ರೆಯಲ್ಲೇ ಅತಿ ದೊಡ್ಡ ಸ್ಫೋಟವದು. ಅರೆಕಿಪಾದ ಮೇಲೆ ಬೂದಿಯ ಮಳೆ ಸುರಿಯಿತು, ಹಗಲೇ ಕತ್ತಲಾಯಿತು, ಚಾವಣಿಗಳು ಕುಸಿದವು, ದ್ರಾಕ್ಷಿ ತೋಟಗಳು ಹಾಳಾದವು. ವಾತಾವರಣಕ್ಕೇರಿದ ಧೂಳಿನಿಂದ ಲೋಕದ ಹವಾಮಾನವೇ ಏರುಪೇರಾಯಿತು. ದೂರದ ರಷ್ಯಾದಲ್ಲಿ 1601ರಿಂದ 1603ರವರೆಗೆ ಬಂದ ಘೋರ ಬರಗಾಲಕ್ಕೂ ಇದೇ ಕಾರಣವೆಂದು ಅನೇಕ ವಿಜ್ಞಾನಿಗಳು ಹೇಳುತ್ತಾರೆ.

ಮುಂದೆಯೂ ಇದೇ ಕಥೆ. 1604, 1687, 1784ರಲ್ಲಿ ನೆಲ ನಡುಗಿತು. 1844ರಲ್ಲಿ ಪ್ರಧಾನಾಲಯ ಬೆಂಕಿಗೆ ಆಹುತಿಯಾಯಿತು, ಮತ್ತೆ ಕಟ್ಟಿದರು. 1868ರ ಆಗಸ್ಟ್ 13ರಂದು, ಪಾಲಕಿ ಮಾತೆಯ ಹಬ್ಬಕ್ಕೆ ಎರಡೇ ದಿನ ಬಾಕಿಯಿರುವಾಗ, ಭಾರಿ ಭೂಕಂಪ ಅದನ್ನು ಮತ್ತೆ ಹಾನಿಗೊಳಿಸಿತು, ಮತ್ತೆ ಕಟ್ಟಿದರು. 2001ರ ಜೂನ್ 23ರ ಭೂಕಂಪದಲ್ಲಿ ಪ್ರಧಾನಾಲಯದ ಒಂದು ಗೋಪುರ ಕುಸಿದುಬಿತ್ತು, ಇನ್ನೊಂದು ಬಿರುಕು ಬಿಟ್ಟಿತು. ಅದನ್ನೂ ಕಟ್ಟಿ ನಿಲ್ಲಿಸಿದರು. ಹಳೆಯ ನಗರವನ್ನು ಯುನೆಸ್ಕೋ ಸಂಸ್ಥೆ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಬಿದ್ದಾಗಲೆಲ್ಲ ಎದ್ದು ಕಟ್ಟುವ ಈ ಛಲವನ್ನು ಯಾರಾದರೂ ಮೆಚ್ಚಬೇಕು. ಆದರೆ ಕಟ್ಟಿದವರು ಯಾರು?

ಕಲ್ಲು ಹೊತ್ತವರು

ಸ್ಪೇನಿನವರು ಬಂದಾಗ ಆ ಕಣಿವೆ ಬರಿದಾಗಿರಲಿಲ್ಲ. ಅಲ್ಲಿ ಮೂಲನಿವಾಸಿಗಳು ಮೆಟ್ಟಿಲು ಹೊಲಗಳಲ್ಲಿ ಬೆಳೆ ಬೆಳೆದುಕೊಂಡು ಬದುಕಿದ್ದರು. ಗೆದ್ದವರು ಒಂದು ಪದ್ಧತಿಯನ್ನು ತಂದರು. ಒಂದೊಂದು ಸೀಮೆಯ ಜನರನ್ನು ರಾಜನ ಹೆಸರಿನಲ್ಲಿ ಒಬ್ಬೊಬ್ಬ ಸ್ಪಾನಿಷ್ ಧಣಿಗೆ ‘ಒಪ್ಪಿಸಲಾಗುತ್ತಿತ್ತು’. ಜನ ಅವನಿಗೆ ಕಪ್ಪ ಕೊಡಬೇಕು, ದುಡಿಯಬೇಕು. ಅವನು ಅವರಿಗೆ ಕ್ರೈಸ್ತ ಧರ್ಮೋಪದೇಶದ ವ್ಯವಸ್ಥೆ ಮಾಡಬೇಕು. ಕಾಗದದ ಮೇಲೆ ಇದು ಒಪ್ಪಂದ. ನಡೆದದ್ದು ಬಹುಮಟ್ಟಿಗೆ ಸುಲಿಗೆ. ಪೆರುವನ್ನು ಗೆದ್ದ ಫ್ರಾನ್ಸಿಸ್ಕೊ ಪಿಸಾರೊನ ತಮ್ಮ ಗೊನ್ಸಾಲೊ ಪಿಸಾರೊನ ಪಾಲಿಗೆ ಬಂದ ಸೀಮೆಗಳಲ್ಲಿ ಕೋಲ್ಕಾದ ಯಾಂಕೆಯೂ ಒಂದು. ಕಮರಿಯ ಹಳ್ಳಿಗಳಿಂದ ಜನ ಸರದಿಯ ಪ್ರಕಾರ ಬೆಟ್ಟ ಇಳಿದು ಬಂದು ಅರೆಕಿಪಾದಲ್ಲಿ ಕಟ್ಟಡದ ಕೆಲಸ, ಹೊಲದ ಕೆಲಸ, ಮನೆಗೆಲಸ ಮಾಡಬೇಕಾಗಿತ್ತು. 17ನೇ ಶತಮಾನದಲ್ಲಿ ಕಾಯ್ಯೋಮದಲ್ಲಿ ಬೆಳ್ಳಿ ಗಣಿಗಳು ತೆರೆದಾಗ ಈ ದುಡಿಮೆಯ ಭಾರ ಮತ್ತಷ್ಟು ಹೆಚ್ಚಿತು.

ಧರ್ಮಸಭೆಗೆ ಇದು ತಪ್ಪೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅರೆಕಿಪಾ ಹುಟ್ಟುವ ಮೂರು ವರ್ಷ ಮುಂಚೆ, 1537ರಲ್ಲಿ, ಜಗದ್ಗುರು ಮೂರನೇ ಪೌಲರು ‘ಸುಬ್ಲಿಮಿಸ್ ದೇವುಸ್’ ಎಂಬ ಆಜ್ಞಾಪತ್ರ ಹೊರಡಿಸಿದ್ದರು. ಹೊಸ ನಾಡಿನ ಮೂಲನಿವಾಸಿಗಳು ನಿಜವಾದ ಮನುಷ್ಯರು, ಅವರು ಕ್ರೈಸ್ತರಾಗದಿದ್ದರೂ ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿದುಕೊಳ್ಳಬಾರದು ಎಂಬುದು ಅದರ ತಿರುಳು. ಬೋಧನೆ ಇತ್ತು, ಪಾಲನೆ ಬಹು ವಿರಳವಾಗಿತ್ತು.

ಆದರೂ ಆ ಕೈಗಳು ತಮ್ಮ ಗುರುತನ್ನು ಬಿಟ್ಟುಹೋಗಿವೆ. ನಗರದ ಚೌಕದ ಮೂಲೆಯಲ್ಲಿ ಯೇಸುಸಭೆಯ ದೇವಾಲಯವಿದೆ. ಅದರ ಮುಂಭಾಗದ ಮೇಲೆ 1698ನೇ ಇಸವಿಯನ್ನು ಕೆತ್ತಲಾಗಿದೆ. ಕಂಬಗಳು, ಕಮಾನುಗಳು ಯುರೋಪಿನ ಮಾದರಿಯವು. ಆದರೆ ಅವುಗಳ ನಡುವೆ ಒಂದಂಗುಲವೂ ಖಾಲಿ ಬಿಡದಂತೆ ಕೆತ್ತಿರುವ ಹೂ, ಬಳ್ಳಿ, ಕಾಳು, ಹಣ್ಣು, ಹಕ್ಕಿಗಳಲ್ಲಿ ಆಂಡಿಸ್ ಪರ್ವತನಾಡಿನ ಕಣ್ಣು, ಕೈ ಕಾಣುತ್ತದೆ. ಕೆತ್ತಿದವರ ಹೆಸರು ಆ ಗೋಡೆಯ ಮೇಲಿಲ್ಲ. ಕೆಲಸ ಮಾತ್ರ ಮೂರು ಶತಮಾನಗಳ ಭೂಕಂಪಗಳನ್ನು ದಾಟಿ ನಿಂತಿದೆ. ಸ್ಪೇನಿನ ರಾಜ 1767ರಲ್ಲಿ ಯೇಸುಸಭೆಯ ಗುರುಗಳನ್ನೇ ತನ್ನ ರಾಜ್ಯದಿಂದ ಹೊರಗಟ್ಟಿದ. ಆ ಅನಾಮಿಕ ಶಿಲ್ಪಿಗಳ ಕೆತ್ತನೆ ಉಳಿಯಿತು.

ಊರೊಳಗಿನ ಊರು

ಅರೆಕಿಪಾಕ್ಕೆ ಹೋದವರು ತಪ್ಪದೆ ನೋಡುವ ಇನ್ನೊಂದು ಸ್ಥಳ ಸಂತ ಕತರೀನಳ ಕನ್ಯಾಮಠ. ಮರಿಯಾ ದೆ ಗುಸ್ಮಾನ್ ಎಂಬ ಶ್ರೀಮಂತ ವಿಧವೆಯ ಆಸ್ತಿಯಿಂದ 1579ರಲ್ಲಿ ಸ್ಥಾಪನೆಯಾದ ಡೊಮಿನಿಕನ್ ಮಠವಿದು. ಸುಮಾರು ಐದು ಎಕರೆಯ ಈ ಮಠದ ಎತ್ತರದ ಗೋಡೆಗಳ ಒಳಗೆ ಬೀದಿಗಳಿವೆ, ಚೌಕಗಳಿವೆ, ಸಾಲು ಮನೆಗಳಿವೆ. ಬೀದಿಗಳಿಗೆ ಸೆವಿಯಾ, ಗ್ರನಾದಾ, ತೊಲೇದೊ ಎಂದು ಸ್ಪೇನಿನ ಊರುಗಳ ಹೆಸರು. ಬಟ್ಟೆ ಒಗೆಯಲು ದೊಡ್ಡ ಮಣ್ಣಿನ ಗುಡಾಣಗಳನ್ನು ಅರ್ಧಕ್ಕೆ ಸೀಳಿ, ಕಾಲುವೆಯ ಎರಡೂ ಬದಿಗೆ ಸಾಲಾಗಿ ಇಟ್ಟಿದ್ದಾರೆ. ಅಂಗೈಯಿಂದ ಕಾಲುವೆಗೆ ಅಡ್ಡ ಕೊಟ್ಟರೆ ನೀರು ಬೇಕಾದ ಗುಡಾಣಕ್ಕೆ ಹರಿಯುತ್ತದೆ.

ಆ ಗುಡಾಣಗಳಲ್ಲಿ ಬಟ್ಟೆ ಒಗೆದವರು ಯಾರೆಂದು ಕೇಳಿದರೆ ಚರಿತ್ರೆ ಸ್ವಲ್ಪ ಕಹಿಯಾಗುತ್ತದೆ. ಸಿರಿವಂತ ಮನೆತನಗಳ ಹೆಣ್ಣುಮಕ್ಕಳು ದೊಡ್ಡ ಮೊತ್ತದ ವರದಕ್ಷಿಣೆಯೊಡನೆ ಮಠ ಸೇರುತ್ತಿದ್ದರು. ತವರಿನವರು ಕಟ್ಟಿಸಿಕೊಟ್ಟ ಸ್ವಂತ ಕೋಣೆ, ಸ್ವಂತ ಅಡುಗೆಮನೆ, ಸ್ವಂತ ಸೇವಕಿಯರು, ಗುಲಾಮ ಹೆಂಗಸರು ಕೂಡ. ಬಡತನದ ವ್ರತ ತೊಟ್ಟವರ ಮನೆಯಲ್ಲಿ ಬಡವರು ಆಳಾಗಿ ದುಡಿದರು.

ಇದೇ ಮಠದಲ್ಲಿ ಒಬ್ಬ ಪುನೀತೆಯೂ ಬೆಳಗಿದಳು. ಆನಾ ದೆ ಲೊಸ್ ಆಂಖೆಲೆಸ್ ಮೊಂತೆಯಾಗುದೊ 1602ರಲ್ಲಿ ಅರೆಕಿಪಾದಲ್ಲೇ ಹುಟ್ಟಿದವಳು. ಚಿಕ್ಕಂದಿನಲ್ಲಿ ಓದಿಗೆಂದು ಮಠಕ್ಕೆ ಬಂದಳು. ತಂದೆತಾಯಿ ಮದುವೆಗೆಂದು ಮನೆಗೆ ಕರೆಸಿಕೊಂಡರೆ, ಅವರ ಇಷ್ಟಕ್ಕೆ ವಿರುದ್ಧವಾಗಿ ಮತ್ತೆ ಮಠಕ್ಕೇ ಮರಳಿದಳು. ಮುಂದೆ ಮಠದ ಶ್ರೇಷ್ಠಳಾದಾಗ ಶಿಸ್ತನ್ನು ತರಲು ಪ್ರಯತ್ನಿಸಿದಳು; ಸುಖಕ್ಕೆ ಒಗ್ಗಿಹೋಗಿದ್ದವರ ವಿರೋಧವನ್ನು ಸಹಿಸಿದಳು. ಶುದ್ಧೀಕರಣ ಸ್ಥಳದ ಆತ್ಮಗಳಿಗಾಗಿ ಬಿಡದೆ ಪ್ರಾರ್ಥಿಸಿದಳು. ಕೊನೆಯ ವರ್ಷಗಳನ್ನು ಕಾಯಿಲೆಯಲ್ಲಿ, ಕಣ್ಣು ಕಾಣದೆ ಕಳೆದು 1686ರ ಜನವರಿ 10ರಂದು ದೈವಾಧೀನಳಾದಳು. ಜಗದ್ಗುರು ಎರಡನೇ ಜಾನ್ ಪಾಲ್‌ರವರು 1985ರ ಫೆಬ್ರವರಿ 2ರಂದು ಅರೆಕಿಪಾಕ್ಕೇ ಬಂದು ಆಕೆಗೆ ಪುನೀತ ಪದವಿಯನ್ನು ಪ್ರದಾನ ಮಾಡಿದರು.

ಪೆರುವಿನಲ್ಲಿ ಗುಲಾಮಗಿರಿ ರದ್ದಾದದ್ದು 1854ರಲ್ಲಿ, ರಮೋನ್ ಕಾಸ್ತಿಯಾರ ಆಡಳಿತದಲ್ಲಿ. ಈ ಮಠದಲ್ಲಿ ಖಾಸಗಿ ಅಡುಗೆಮನೆ, ಖಾಸಗಿ ಸೇವಕಿಯರ ಪದ್ಧತಿ ಮುಗಿದು ಎಲ್ಲರೂ ಒಂದೇ ಊಟದ ಮನೆಯಲ್ಲಿ ಕುಳಿತದ್ದು 1871ರಲ್ಲಿ, ಸಿಸ್ಟರ್ ಹೊಸೆಫಾ ಕದೇನಾ ನಡೆಸಿದ ಸುಧಾರಣೆಯಿಂದ. ಆನಾ ಬಿತ್ತಿದ ಬೀಜ ಫಲ ಕೊಡಲು ಸುಮಾರು ಇನ್ನೂರು ವರ್ಷ ಬೇಕಾಯಿತು. 1970ರಲ್ಲಿ ಮಠದ ಹೆಚ್ಚಿನ ಭಾಗವನ್ನು ಸಾರ್ವಜನಿಕರಿಗೆ ತೆರೆಯಲಾಯಿತು.

ಕಣಜಗಳ ಕಮರಿ

ಅರೆಕಿಪಾದಿಂದ ಕೋಲ್ಕಾ ಕಮರಿಗೆ ಹೋಗುವ ರಸ್ತೆ ವಿಕುನ್ಯಾ ಎಂಬ ಕಾಡುಪ್ರಾಣಿಗಳು ಮೇಯುವ ಬಯಲನ್ನು ದಾಟಿ ಪತಪಂಪಾ ಘಟ್ಟದಲ್ಲಿ ಸುಮಾರು 4,900 ಮೀಟರ್ ಎತ್ತರಕ್ಕೆ ಏರುತ್ತದೆ. ಅಲ್ಲಿ ಗಾಳಿ ತೆಳು. ಎರಡು ಹೆಜ್ಜೆ ಇಟ್ಟರೆ ಏದುಸಿರು ಬರುತ್ತದೆ. ಅಲ್ಲಿಂದ ಚಿವಾಯ್ ಎಂಬ ಊರಿಗೆ ಇಳಿದರೆ ಕೋಲ್ಕಾ ನದಿಯ ಕಣಿವೆ ತೆರೆದುಕೊಳ್ಳುತ್ತದೆ. ಪಶ್ಚಿಮಕ್ಕೆ ಹೋದಷ್ಟೂ ಕಣಿವೆ ಆಳವಾಗಿ, ಕೊನೆಗೆ 3,000 ಮೀಟರಿಗೂ ಹೆಚ್ಚು ಆಳದ ಕಮರಿಯಾಗುತ್ತದೆ. ಕಬನಕೊಂದೆ ಗ್ರಾಮದ ಹತ್ತಿರ ‘ಕೊಂಡೋರ್ ಶಿಲುಬೆ’ ಎಂಬ ಜಾಗವಿದೆ. ಬೆಳಗಿನ ಬಿಸಿಲಿಗೆ ಗಾಳಿ ಕಾದು ಮೇಲೇಳುವಾಗ, ಮೂರು ಮೀಟರ್ ಅಗಲ ರೆಕ್ಕೆ ಬಿಚ್ಚಿದ ಕೊಂಡೋರ್ ಹದ್ದುಗಳು ರೆಕ್ಕೆ ಬಡಿಯದೆಯೇ ಕಮರಿಯಿಂದ ತೇಲಿ ಮೇಲೆ ಬರುತ್ತವೆ.

ಪ್ರವಾಸಿಗಳು ನೋಡಲು ಹೋಗುವುದು ಹದ್ದುಗಳನ್ನು. ಆದರೆ ಕಮರಿಯ ನಿಜವಾದ ವಿಸ್ಮಯ ಅದರ ಇಳಿಜಾರಿನಲ್ಲಿದೆ. ಇಂಕಾ ಅರಸರು ಬರುವುದಕ್ಕೂ ಮೊದಲೇ ಕೊಯ್ಯಾಗುವಾ ಮತ್ತು ಕಬಾನಾ ಜನರು ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲಿನ ತಡೆಗೋಡೆ ಕಟ್ಟಿ, ಹಿಮದ ನೀರನ್ನು ಕಾಲುವೆಯಲ್ಲಿ ತಂದು ಹೊಲ ಮಾಡಿದರು. ಆ ಹೊಲಗಳಲ್ಲಿ ಇಂದಿಗೂ ಮೆಕ್ಕೆಜೋಳ, ಕಿನೋವಾ, ಆಲೂಗೆಡ್ಡೆ ಬೆಳೆಯುತ್ತಾರೆ. ಹಾಸನದ ಹೊಲಗಳಲ್ಲಿ ನಾವು ಬೆಳೆಯುವ ಆಲೂಗೆಡ್ಡೆಯ ತವರೂ ಆಂಡಿಸ್ ಪರ್ವತಗಳೇ. ಬಂಡೆಗಳ ಸಂದಿಯಲ್ಲಿ ಕಲ್ಲು ಮಣ್ಣಿನಿಂದ ಕಟ್ಟಿದ ಪುಟ್ಟ ಕಣಜಗಳೂ ಕಾಣಸಿಗುತ್ತವೆ. ಅವುಗಳನ್ನು ಅಲ್ಲಿಯವರ ಭಾಷೆಯಲ್ಲಿ ‘ಕೊಲ್ಕಾ’ ಎನ್ನುತ್ತಾರೆ. ಕಮರಿಗೆ ಹೆಸರು ಬಂದದ್ದು ಆ ಕಣಜಗಳಿಂದ.

ಹಿಂದಿನ ಕಾಲವೆಲ್ಲ ಚೆನ್ನಾಗಿತ್ತು, ಸ್ಪೇನಿನವರು ಬಂದು ಕೆಡಿಸಿದರು ಎಂದು ಹೇಳಿಬಿಡುವುದು ಸುಲಭ. ಚರಿತ್ರೆ ಅಷ್ಟು ಸರಳವಲ್ಲ. 1995ರಲ್ಲಿ ಈ ಕಮರಿಯ ಸಮೀಪದ ಆಂಪಾತೊ ಶಿಖರದಲ್ಲಿ, ಪಕ್ಕದ ಜ್ವಾಲಾಮುಖಿಯ ಬೂದಿಯಿಂದ ಹಿಮ ಕರಗಿದ್ದಾಗ, ಯೊಹಾನ್ ರೈನ್‌ಹಾರ್ಡ್ ಮತ್ತು ಮಿಗೆಲ್ ಸಾರಾತೆ ಎಂಬುವರಿಗೆ ಒಬ್ಬ ಬಾಲಕಿಯ ಕೆಡದ ಶರೀರ ಸಿಕ್ಕಿತು. ವಯಸ್ಸು 12ರಿಂದ 15. ಇಂಕಾ ಆಳ್ವಿಕೆಯ 15ನೇ ಶತಮಾನದಲ್ಲಿ ಬೆಟ್ಟದ ದೈವಗಳಿಗೆ ಬಲಿಯಾದ ಮಗು ಅದು. ಸಾವು ತಲೆಗೆ ಬಿದ್ದ ಪೆಟ್ಟಿನಿಂದ. ‘ಹ್ವಾನಿತಾ’ ಎಂದು ಹೆಸರಿಟ್ಟ ಆಕೆಯನ್ನು ಅರೆಕಿಪಾದ ಕಥೋಲಿಕ ವಿಶ್ವವಿದ್ಯಾಲಯವೊಂದರ ಸಂಗ್ರಹಾಲಯ ಶೀತಲ ಪೆಟ್ಟಿಗೆಯಲ್ಲಿ ಕಾಪಾಡಿದೆ. ಬೆಟ್ಟದ ಸಿಟ್ಟು ತಣಿಯಲೆಂದು ಒಂದು ಮಗುವನ್ನು ಕೊಟ್ಟರು. ಮುಂದೆ ಬಂದವರು ಬೆಳ್ಳಿಯ ಆಸೆಗೆ ಎಷ್ಟೋ ಮಕ್ಕಳ ತಂದೆಯರನ್ನು ಕೊಟ್ಟರು. ಎರಡು ಕಾಲದಲ್ಲೂ ಬೆಲೆ ತೆತ್ತದ್ದು ದುರ್ಬಲರ ಶರೀರ.

ಸ್ಪಾನಿಷ್ ಅಧಿಕಾರಿ ಹ್ವಾನ್ ದೆ ಉಯ್ಯೋವಾ ಮೊಗೊಯ್ಯೋನ್ 1586ರಲ್ಲಿ ಈ ಜನರ ಬಗ್ಗೆ ಒಂದು ವರದಿ ಬರೆದ. ಕೊಯ್ಯಾಗುವಾ ಜನ ತಮ್ಮ ಮೂಲ ಬೆಟ್ಟದ ಆಕಾರ ಬರಲೆಂದು ಮಕ್ಕಳ ತಲೆಯನ್ನು ಕಟ್ಟಿ ಉದ್ದ ಮಾಡುತ್ತಿದ್ದರು. ಕಬಾನಾ ಜನ ಅಗಲ ಮಾಡುತ್ತಿದ್ದರು ಎಂದು ಅದರಲ್ಲಿದೆ. ಆ ಪದ್ಧತಿಯನ್ನು ರಾಜಪ್ರತಿನಿಧಿ ಫ್ರಾನ್ಸಿಸ್ಕೊ ದೆ ತೊಲೇದೊ ನಿಷೇಧಿಸಿದ. ಚದುರಿದ್ದ ಹಳ್ಳಿಗಳನ್ನು ಬಿಡಿಸಿ, ಜನರನ್ನು ದೇವಾಲಯದ ಸುತ್ತ ಕಟ್ಟಿದ ಹೊಸ ಊರುಗಳಿಗೆ 1570ರ ದಶಕದಲ್ಲಿ ಬಲವಂತದಿಂದ ಸಾಗಿಸಿದವನೂ ಅವನೇ. ಇಂದು ಎರಡು ಜನಾಂಗಗಳ ಗುರುತು ಉಳಿದಿರುವುದು ಹೆಂಗಸರ ಟೋಪಿಯಲ್ಲಿ: ಒಬ್ಬರದು ರಿಬ್ಬನ್ ಕಟ್ಟಿದ ಬಿಳಿ ಹುಲ್ಲಿನ ಟೋಪಿ, ಇನ್ನೊಬ್ಬರದು ಬಣ್ಣದ ಕಸೂತಿಯ ಟೋಪಿ.

ಜನರ ಮಾತಿನಲ್ಲಿ ದೇವರ ಮಾತು

ಇಂಥ ಬಲವಂತದ ನಡುವೆಯೂ ಶುಭಸಂದೇಶ ಆ ಜನರ ಎದೆಯೊಳಗೆ ಇಳಿದದ್ದು ಹೇಗೆ? ಉತ್ತರದ ಒಂದು ಭಾಗ ಚಿವಾಯ್ ಪಕ್ಕದ ಕೊಪೊರಾಕೆ ಎಂಬ ಸಣ್ಣ ಊರಿನಲ್ಲಿದೆ. ಲೂಯಿಸ್ ಹೆರೋನಿಮೊ ದೆ ಒರೆ ಎಂಬ ಫ್ರಾನ್ಸಿಸ್ಕನ್ ಗುರು ಇಲ್ಲಿ ಸೇವೆ ಸಲ್ಲಿಸಿದರು. ಅವರು ಪೆರುವಿನಲ್ಲೇ ಹುಟ್ಟಿ ಬೆಳೆದವರು. ಕೆಚುವಾ, ಆಯ್ಮಾರಾ ಭಾಷೆಗಳನ್ನು ಬಲ್ಲವರು. ಸಂತ ತುರೀಬಿಯೊ ನಡೆಸಿದ ಮೂರನೇ ಲೀಮಾ ಸಭೆ ಜನರ ಭಾಷೆಯಲ್ಲೇ ಧರ್ಮೋಪದೇಶ ನಡೆಯಬೇಕೆಂದು ತೀರ್ಮಾನಿಸಿ, 1584ರಲ್ಲಿ ಸ್ಪಾನಿಷ್, ಕೆಚುವಾ, ಆಯ್ಮಾರಾ ಮೂರರಲ್ಲೂ ಧರ್ಮೋಪದೇಶದ ಪುಸ್ತಕವನ್ನು ಅಚ್ಚು ಹಾಕಿಸಿತು. ದಕ್ಷಿಣ ಅಮೆರಿಕದಲ್ಲಿ ಅಚ್ಚಾದ ಮೊದಲ ಪುಸ್ತಕವದು. ಒರೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೆಚುವಾ ಭಾಷೆಯಲ್ಲಿ ಭಕ್ತಿಗೀತೆಗಳನ್ನೇ ರಚಿಸಿದರು. ಅವು 1598ರಲ್ಲಿ ಲೀಮಾದಲ್ಲಿ ಪುಸ್ತಕವಾಗಿ ಬಂದವು. ಮಂಗಳೂರು ಕಡೆಯ ನಮ್ಮ ಓದುಗರಿಗೆ ಇಲ್ಲಿ ಫಾದರ್ ಥಾಮಸ್ ಸ್ಟೀಫನ್ಸ್‌ರವರ ನೆನಪಾಗದೆ ಇರದು. ಹದಿನೆಂಟು ವರ್ಷ ಕಳೆದು, 1616ರಲ್ಲಿ, ಅವರ ‘ಕ್ರಿಸ್ತಪುರಾಣ’ ಗೋವೆಯಲ್ಲಿ ಅಚ್ಚಾಯಿತು. ಆಳುವವರ ಭಾಷೆ ಬೇರೆ ಇದ್ದರೂ ದೇವರನ್ನು ಹಾಡಲು ತಾಯಿನುಡಿಯೇ ಸಾಕೆಂದು ನಂಬಿದ ಗುರುಗಳು ಎರಡು ಖಂಡಗಳಲ್ಲೂ ಇದ್ದರು.

ಒಂದು ಜನರ ಭಾಷೆಯನ್ನು ಕಲಿಯಬೇಕಾದರೆ ಅವರ ಮುಂದೆ ಶಿಷ್ಯರಾಗಿ ಕುಳಿತುಕೊಳ್ಳಬೇಕು. ಹೊರೆ ಹೊರಿಸುವವನಿಗೆ ಇಂಥ ತಾಳ್ಮೆಯಿಲ್ಲ. ಇಂದಿಗೂ ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬಕ್ಕೆ ಯಾಂಕೆ, ಚಿವಾಯ್ ಊರುಗಳ ಜನ ‘ವಿತಿತಿ’ ಎಂಬ ತಮ್ಮ ಹಳೆಯ ಕುಣಿತವನ್ನು ಕುಣಿಯುತ್ತಾರೆ. 2015ರಲ್ಲಿ ಯುನೆಸ್ಕೋ ಇದನ್ನೂ ಮಾನವಕುಲದ ಪರಂಪರೆಯೆಂದು ಗುರುತಿಸಿತು. 2016ರ ಆಗಸ್ಟ್ 14ರ ರಾತ್ರಿ, ಸ್ವರ್ಗಸ್ವೀಕೃತ ಮಾತೆಯ ಹಬ್ಬದ ಮುನ್ನಾದಿನ, ಕಣಿವೆಯಲ್ಲಿ ಭೂಕಂಪವಾಗಿ ಪ್ರಾಣಹಾನಿಯಾಯಿತು. ಮನೆಗಳು, ಹಳೆಯ ದೇವಾಲಯಗಳು ಬಿರುಕು ಬಿಟ್ಟವು. ಹಬ್ಬಗಳು ಮಾತ್ರ ನಿಲ್ಲಲಿಲ್ಲ. ಬಂದೂಕಿನ ಭಯಕ್ಕೆ ಒಪ್ಪಿಕೊಂಡ ಧರ್ಮವಾಗಿದ್ದರೆ ಬಂದೂಕು ಹೋದ ದಿನವೇ ಅದೂ ಹೋಗಬೇಕಾಗಿತ್ತು.

ಕ್ಷಮೆ ಕೇಳಿದ ಧರ್ಮಸಭೆ

2000ದ ಮಾರ್ಚ್ 12ರಂದು ಜಗದ್ಗುರು ಎರಡನೇ ಜಾನ್ ಪಾಲ್‌ರವರು ಸಂತ ಪೇತ್ರರ ಮಹಾದೇವಾಲಯದಲ್ಲಿ ಧರ್ಮಸಭೆಯ ಮಕ್ಕಳ ಹಿಂದಿನ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. 2015ರ ಜುಲೈ 9ರಂದು ಜಗದ್ಗುರು ಫ್ರಾನ್ಸಿಸ್‌ರವರು ಪೆರುವಿನ ನೆರೆಯ ಬೊಲಿವಿಯಾದಲ್ಲಿ ಮೂಲನಿವಾಸಿಗಳ ಎದುರಿಗೇ ನಿಂತು, ಅಮೆರಿಕ ಖಂಡವನ್ನು ಗೆದ್ದ ಕಾಲದಲ್ಲಿ ಅವರ ಮೇಲೆ ನಡೆದ ಅಪರಾಧಗಳಿಗಾಗಿ ಕ್ಷಮೆ ಕೇಳಿದರು. ಇನ್ನು 2025ರ ಮೇ 8ರಂದು ಪೆರುವಿನ ಉತ್ತರ ಭಾಗದ ಚಿಕ್ಲಾಯೊ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರಾಗಿದ್ದವರು, ಪೆರುವಿನ ಪೌರತ್ವವನ್ನೂ ಪಡೆದಿದ್ದವರು, ಹದಿನಾಲ್ಕನೇ ಲಿಯೋ ಎಂಬ ಹೆಸರಿನಲ್ಲಿ ಜಗದ್ಗುರುಗಳಾಗಿ ಆಯ್ಕೆಯಾದರು. ಅಂದು ಮಹಾದೇವಾಲಯದ ಮೊಗಸಾಲೆಯಿಂದ ಅವರು ತಮ್ಮ ಆ ಹಳೆಯ ಧರ್ಮಪ್ರಾಂತ್ಯದ ಜನರನ್ನು ಸ್ಪಾನಿಷ್ ಭಾಷೆಯಲ್ಲಿ ನೆನೆದರು. ಒಂದು ಕಾಲದಲ್ಲಿ ಗುರುಗಳನ್ನು ಹಡಗಿನಲ್ಲಿ ಪೆರುವಿಗೆ ಕಳಿಸುತ್ತಿದ್ದ ಯುರೋಪಿಗೆ, ಪೆರುವಿನಲ್ಲಿ ಪಳಗಿದ ಕುರುಬ ಬಂದರು.

ಕ್ಷಮೆ ಕೇಳಿದರೆ ಧರ್ಮಸಭೆ ಸಣ್ಣದಾಗುತ್ತದೆಂದು ಕೆಲವರು ಅಂಜುತ್ತಾರೆ. ಮರಿಯಮ್ಮನವರ ಸ್ತುತಿಗೀತೆಯನ್ನು ದಿನವೂ ಸಂಜೆ ಹಾಡುವ ನಮಗೆ ಆ ಅಂಜಿಕೆ ಇರಬಾರದು. ದೇವರು ದೀನರ ಕಡೆಗಿದ್ದಾರೆ, ಬಲಾಢ್ಯರ ಗದ್ದುಗೆಯ ಕಡೆಗಲ್ಲ ಎಂದು ಆ ತಾಯಿಯೇ ಹಾಡಿದ್ದಾರಲ್ಲವೇ?

ಸಹೋದರ ಸಹೋದರಿಯರೇ, ನಮ್ಮಲ್ಲಿ ಬಹುಪಾಲು ಜನ ಅರೆಕಿಪಾವನ್ನು ಕಣ್ಣಾರೆ ಕಾಣಲಾರೆವು. ಆದರೆ ಆ ನಗರ ಕೇಳುವ ಪ್ರಶ್ನೆ ನಮ್ಮ ಊರಿನಲ್ಲೂ ಇದೆ. ನಮ್ಮ ಹಳೆಯ ದೇವಾಲಯದ ಕಲ್ಲು ಹೊತ್ತವರು ಯಾರು, ಮಣ್ಣು ಕಲಸಿದವರು ಯಾರು? ದಾನಿಗಳ ಹೆಸರು ಗೋಡೆಯ ಮೇಲಿದೆ. ಅವರ ಹೆಸರು ಎಲ್ಲಿದೆ? ಇಂದು ನಮ್ಮ ಮನೆಯ ಪಾತ್ರೆ ತೊಳೆಯುವ ಹೆಂಗಸು, ತೋಟದ ಆಳು, ಕಟ್ಟಡದ ಕೆಲಸಕ್ಕೆಂದು ದೂರದ ಊರಿನಿಂದ ಬಂದ ಯುವಕ, ಇವರಿಗೆ ಹೊತ್ತಿಗೆ ಸರಿಯಾಗಿ ಕೂಲಿ ಸಿಗುತ್ತಿದೆಯೇ? ಕಾಯಿಲೆ ಬಿದ್ದಾಗ ವಿಚಾರಿಸುವವರು ಇದ್ದಾರೆಯೇ? ಹಬ್ಬದ ದಿನ ನಮ್ಮ ಊಟದ ಪಂಕ್ತಿಯಲ್ಲಿ ಅವರಿಗೆ ಜಾಗವಿದೆಯೇ?

ಈ ಬಾರಿ ಹಬ್ಬದ ಪೂಜೆಯಲ್ಲಿ ಮಾತೆಯ ಸ್ವರೂಪದ ಮುಂದೆ ದೀಪ ಹಚ್ಚುವಾಗ, ಬಿಳಿ ಕಲ್ಲನ್ನು ಹೊತ್ತ ಆ ಹೆಸರಿಲ್ಲದ ಹೆಗಲುಗಳನ್ನೂ ನೆನೆಯೋಣ. ಮರಿಯಮ್ಮನವರ ಶರೀರವನ್ನು ಸ್ವೀಕರಿಸಿದ ದೇವರು ಆ ಹೆಗಲುಗಳನ್ನೂ ಮರೆತಿಲ್ಲ. ಎಲ್ಲರಿಗೂ ಸ್ವರ್ಗಸ್ವೀಕೃತ ಮಾತೆಯ ಹಬ್ಬದ ಶುಭಾಶಯಗಳು.